ಒಂದು ಸೀಸನ್ ಪೂರ್ತಿ ಹಾಕಿದ ಮೇಲೆ ಈ ಕ್ರಿಕೆಟ್ ವಿಕೆಟ್ ಕೀಪಿಂಗ್ ಗ್ಲೌಸ್ ಬಗ್ಗೆ ಬರೀತಾ ಇದೀನಿ

ಈ ಗ್ಲೌಸ್ ತಗೊಂಡು ಒಂದು ಸೀಸನ್ ಮುಗೀತು. ಮ್ಯಾಚಲ್ಲೂ ಇದೇ, ನೆಟ್ಸಲ್ಲೂ ಇದೇ, ಎರಡು ಮೂರು ಸಲ ಮಳೇಲಿ ತೊಯ್ದು ತೊಪ್ಪೆ ಆಗಿದೆ, ಬಿಸಿಲಲ್ಲಿ ದಿನಗಟ್ಲೆ ಬೆಂದಿದೆ, ಹಾಗಾಗಿ ಈಗ ಬರೆದ್ರೆ ಓದೋರಿಗೆ ಏನಾದ್ರೂ ಉಪಯೋಗ ಆಗ್ಬೋದು. ಬಾಕ್ಸ್ ತೆಗೆದ ದಿನಾನೇ ಐದು ಸ್ಟಾರ್ ಕೊಟ್ಟು "ಸೂಪರ್ ಕ್ವಾಲಿಟಿ" ಅಂತ ಬರೆಯೋ ರಿವ್ಯೂ ಓದಿ ನಾನೇ ಎರಡು ಸಲ ಮೋಸ ಹೋಗಿದೀನಿ. ಬೇರೆ ಸಾಮಾನಿಗೆ ಅದು ನಡೀಬೋದು, ಕೀಪಿಂಗ್ ಗ್ಲೌಸ್‌ಗೆ ನಡೆಯಲ್ಲ, ಯಾಕಂದ್ರೆ ಮೊದಲನೇ ದಿನ ಕೈಗೆ ಹಿತವಾಗಿರೋದು ಹತ್ತನೇ ಮ್ಯಾಚಿಗೆ ಹಲಗೆ ಥರ ಆಗಿರುತ್ತೆ, ಮೊದಲನೇ ದಿನ ಬಿಗಿ ಅನ್ನಿಸಿದ್ದು ಹತ್ತನೇ ಮ್ಯಾಚಿಗೆ ನಿಮ್ಮ ಚರ್ಮವೇ ಆಗಿಬಿಟ್ಟಿರುತ್ತೆ.

ಕಂಪನಿ ಹೆಸರು ಹಾಕ್ತಾ ಇಲ್ಲ. ಅದೇ ಹೆಸರು ಅದೇ ಬಣ್ಣದಲ್ಲಿ ಪ್ರತಿ ವರ್ಷ ಒಳಗಿನ ಮಾಲು ಬದಲಾಯಿಸ್ತಾರೆ, ರಬ್ಬರ್ ಬೇರೆ, ಲೈನಿಂಗ್ ಬೇರೆ, ನನಗೆ ಚೆನ್ನಾಗಿ ಬಂದಿದ್ದು ನಿಮಗೂ ಹಾಗೇ ಬರುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೆ ಈ ಜೋಡೀಲಿ ಏನಿದೆ, ಯಾಕೆ ಕೆಲಸ ಮಾಡ್ತು, ಎಲ್ಲಿ ಕೈಕೊಡ್ತು ಅಂತ ಹೇಳ್ತೀನಿ, ನೀವು ತಗೊಳ್ಳೋವಾಗ ಅದನ್ನ ನೋಡ್ಕೊಳ್ಳಿ.

ಬರೆಯೋಕೆ ಇನ್ನೊಂದು ಕಾರಣ ನಮ್ಮ ಟೀಮಿಗೆ ಈ ವರ್ಷ ಸೇರಿರೋ ಹುಡುಗ. 16 ವರ್ಷ, ಕೀಪರ್, ದೊಡ್ಡ ಲೆವೆಲ್ಲಲ್ಲಿ ಆಡ್ಬೇಕು, ಇದೇ ನನ್ನ ವೃತ್ತಿ ಆಗ್ಬೇಕು ಅಂತ ಹಠ ಹಿಡಿದು ದುಡೀತಾ ಇದಾನೆ. ಒಂದಿನ ನೆಟ್ಸ್ ಮುಗಿದ ಮೇಲೆ ಬಲಗೈ ಮಡಚೋಕಾಗ್ದೆ ನೀರಿನ ಬಾಟ್ಲಿ ಮುಚ್ಚಳ ಎಡಗೈಲಿ ತಿರುಗಿಸ್ತಿದ್ದ. ಕೈ ತೋರ್ಸೋ ಅಂದೆ. ತೋರುಬೆರಳಿನ ಬುಡದಲ್ಲಿ ಅಂಗೈ ಪೂರ್ತಿ ನೀಲಿಗಟ್ಟಿತ್ತು, ಮುಟ್ಟಿದ್ರೆ ಹಲ್ಲು ಕಚ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ, ಅವನ ಗ್ಲೌಸ್ ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು. ದಿಂಬಿನ ಥರ ದಪ್ಪ, ಮಡಚಿದ್ರೆ ಮಡಚ್ತಾ ಇಲ್ಲ, ಎರಡೂ ಕೈ ಸೇರಿಸಿದ್ರೆ ಮಧ್ಯ ಒಂದು ಸಂದಿ ಹಾಗೇ ಉಳ್ಕೊಳ್ತಿದೆ. "ಅಣ್ಣ, ದಪ್ಪ ಇದ್ರೆ ನೋವಾಗಲ್ಲ ಅಂತ ಇದನ್ನ ತಗೊಂಡೆ" ಅಂದ. ನಾನೂ ಅವನ ವಯಸ್ಸಲ್ಲಿ ಹಾಗೇ ಅಂದ್ಕೊಂಡಿದ್ದೆ, ನನ್ನ ಎಡಗೈ ಉಂಗುರದ ಬೆರಳು ಇವತ್ತಿಗೂ ನೆಟ್ಟಗೆ ನಿಲ್ಲಲ್ಲ. ಕೈಗೆ ಪೆಟ್ಟು ತಪ್ಪಿಸೋದು ದಪ್ಪ ಅಲ್ಲ. ಬಾಲ್ ಸರಿಯಾದ ಜಾಗಕ್ಕೆ ಬಿದ್ರೆ ತೆಳು ಗ್ಲೌಸಲ್ಲೂ ನೋಯಲ್ಲ, ತಪ್ಪು ಜಾಗಕ್ಕೆ ಬಿದ್ರೆ ಎಷ್ಟು ದಪ್ಪ ಇದ್ರೂ ನೋಯುತ್ತೆ, ಮತ್ತೆ ಸರಿಯಾದ ಜಾಗ ಯಾವ್ದು ಅಂತ ಕೈಗೆ ಗೊತ್ತಾಗ್ಬೇಕು ಅಂದ್ರೆ ಗ್ಲೌಸ್ ಒಳಗಿರೋ ಕೈಗೆ ಬಾಲ್ ತಿಳೀಬೇಕು. ಈ ಜೋಡಿ ನನಗೆ ಇಷ್ಟ ಆಗಿರೋದು ಮುಖ್ಯವಾಗಿ ಅದಕ್ಕೇ.

ಕೀಪರ್ ಕೆಲಸ ಎಂಥದ್ದು ಅಂತ ಹೊರಗಿಂದ ನೋಡೋರಿಗೆ ಗೊತ್ತಾಗಲ್ಲ. ಟೆಸ್ಟಲ್ಲಿ ದಿನಕ್ಕೆ 90 ಓವರ್ ಅಂದ್ರೆ 540 ಬಾಲ್, ಅಂದ್ರೆ 540 ಸಲ ಕುಕ್ಕರುಗಾಲಲ್ಲಿ ಕೂತು ಏಳ್ಬೇಕು, ಅದರ ಮೇಲೆ ಪ್ರತಿ ಥ್ರೋಗೂ ಸ್ಟಂಪ್ಸ್ ಹತ್ರ ಓಡ್ಬೇಕು. ಬಾಲ್ ತೂಕ 156 ಗ್ರಾಂನಿಂದ 163 ಗ್ರಾಂ, ಗಟ್ಟಿ ಚರ್ಮ, ಎದ್ದು ನಿಂತಿರೋ ಸೀಮ್, ಬ್ಯಾಟ್ಸ್‌ಮನ್ ಬಿಟ್ಟಿದ್ದೆಲ್ಲಾ ಬಂದು ಬೀಳೋದು ಇವನ ಕೈಗೆ. ಬ್ಯಾಟ್ಸ್‌ಮನ್ ಔಟಾದ್ರೆ ಹೋಗಿ ಕೂತ್ಕೋತಾನೆ, ಬೌಲರ್ ಸ್ಪೆಲ್ ಮುಗಿಸಿ ಫೈನ್ ಲೆಗ್ಗಲ್ಲಿ ನಿಂತ್ಕೋತಾನೆ, ಕೀಪರ್‌ಗೆ ಮಾತ್ರ ಕೊನೇ ಬಾಲ್ ತನಕ ಬಿಡುವಿಲ್ಲ, ಮೈಯೆಲ್ಲಾ ಕಣ್ಣಾಗಿ ಕೂತಿರ್ಬೇಕು. ಇದನ್ನ ಇಂಡಿಯಾ ಕೀಪರ್ ಸೈಯದ್ ಕಿರ್ಮಾನಿ 88 ಟೆಸ್ಟ್ ಮಾಡಿದ್ರು, 160 ಕ್ಯಾಚು 38 ಸ್ಟಂಪಿಂಗು (ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟಾಗ ಸ್ಟಂಪ್ಸ್ ಮೇಲಿನ ಬೇಲ್ಸ್ ಬೀಳಿಸಿ ಔಟ್ ಮಾಡೋದು), ಅದೂ ಚಂದ್ರಶೇಖರ್, ಪ್ರಸನ್ನ, ಬೇಡಿ ಅಂಥವರ ಬೌಲಿಂಗಿಗೆ ಸ್ಟಂಪ್ಸ್‌ಗೆ ಅಂಟ್ಕೊಂಡು ನಿಂತು. ಚಂದ್ರಶೇಖರ್ ಸ್ಪಿನ್ನರ್ ಅಂತಾನೇ ಹೆಸರು, ಆದ್ರೆ ಆ ಸ್ಪೀಡಿಗೆ ಗೂಗ್ಲಿ ಹಾಕೋರನ್ನ ಅಷ್ಟು ಹತ್ರ ನಿಂತು ಹಿಡಿಯೋದಂದ್ರೆ ಕೈಗೂ ಕಣ್ಣಿಗೂ ಮಧ್ಯ ಯಾವ ಅಡ್ಡಿನೂ ಇರ್ಬಾರ್ದು. ಆಗಿನ ಗ್ಲೌಸ್ ಈಗಿನಷ್ಟು ಮೆತ್ತಗೂ ಇರ್ಲಿಲ್ಲ, ಹಗುರವೂ ಇರ್ಲಿಲ್ಲ. ಅದನ್ನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಮೈ ಜುಮ್ಮನ್ನುತ್ತೆ.

ಸರಿ, ಗ್ಲೌಸ್‌ಗೆ ಬರೋಣ. ಮೊದಲು ಸೈಜು. ಇದರಲ್ಲಿ ಅಡಲ್ಟ್ ಸೈಜ್ ತಗೊಂಡಿದ್ದೆ, ಇನ್ನರ್, ಅಂದ್ರೆ ಒಳಗೆ ಹಾಕೋ ತೆಳು ಗ್ಲೌಸ್, ಹಾಕ್ಕೊಂಡು ಕೈ ತೂರಿಸಿದಾಗ ಬೆರಳ ತುದಿಗೂ ಗ್ಲೌಸ್ ತುದಿಗೂ ಮಧ್ಯ ಒಂದು ಉಗುರಿನಷ್ಟು ಜಾಗ ಉಳೀತು, ಅಷ್ಟೇ ಇರ್ಬೇಕು. ಜಾಸ್ತಿ ಉಳಿದ್ರೆ ಬಾಲ್ ಬಂದು ಖಾಲಿ ತುದಿಗೆ ತಾಗಿ ಬೆರಳು ಹಿಂದಕ್ಕೆ ಬಾಗುತ್ತೆ, ಕಡಿಮೆ ಇದ್ರೆ ಉಗುರು ಕಪ್ಪಗಾಗುತ್ತೆ. ಸುಮಾರು ಹುಡುಗ್ರು "ಇನ್ನೂ ಬೆಳೀತಾ ಇದೀನಿ, ಎರಡು ವರ್ಷ ಬರ್ಲಿ" ಅಂತ ಒಂದು ಸೈಜ್ ದೊಡ್ಡದು ತಗೋತಾರೆ, ದಯವಿಟ್ಟು ಆ ಕೆಲಸ ಮಾಡ್ಬೇಡಿ, ಶೂ ಆದ್ರೆ ಸಾಕ್ಸ್ ಎರಡು ಹಾಕ್ಕೋಬೋದು, ಇಲ್ಲಿ ಬೆರಳು ಮುರ್ಕೋತೀರ. ತೂಕ ಚೆನ್ನಾಗಿದೆ, ಹಗುರ. ಬೆರಳು ಅಗಲಿಸಿ ಮುಚ್ಚಿ ನೋಡಿದ್ರೆ ಎರಡೂ ಕೈಯ ಕಿರುಬೆರಳು ಒಂದಕ್ಕೊಂದು ಸಂದಿ ಇಲ್ದೆ ಸೇರುತ್ತೆ, ನನ್ನ ಪ್ರಕಾರ ಅಂಗಡೀಲೇ ಮಾಡಿ ನೋಡ್ಬೇಕಾದ ಮೊದಲನೇ ಪರೀಕ್ಷೆ ಇದು, ಯಾಕಂದ್ರೆ ಎಷ್ಟೋ ಕ್ಯಾಚ್ ಜಾರಿ ಹೋಗೋದು ಆ ಎರಡು ಕಿರುಬೆರಳ ಮಧ್ಯದಿಂದಾನೇ.

ಎರಡನೇದು ವೆಬ್, ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯ ಇರೋ ಆ ತುಂಡು. ಇದಕ್ಕೆ ಕ್ರಿಕೆಟ್ ಲಾದಲ್ಲಿ ಪಕ್ಕಾ ನಿಯಮ ಇದೆ, ಸುಮಾರು ಜನ ಕೀಪರ್‌ಗಳಿಗೇ ಗೊತ್ತಿಲ್ಲ. ಬೇರೆ ಯಾವ ಬೆರಳಿನ ಮಧ್ಯನೂ ವೆಬ್ ಇರ್ಬಾರ್ದು, ಇದೊಂದಕ್ಕೇ ಅವಕಾಶ. ಇದೂ ಒಂದೇ ತುಂಡಾಗಿರ್ಬೇಕು, ಎಳೆದ್ರೆ ಹಿಗ್ಗೋ ಬಟ್ಟೆ ಆಗಿರ್ಬಾರ್ದು, ಒಳಗೆ ಬಲ ಕೊಡೋ ಪಟ್ಟಿ, ಮಡಿಕೆ ಏನೂ ಇರ್ಬಾರ್ದು, ಮತ್ತೆ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಒಂದು ಗೆರೆ ಎಳೆದ್ರೆ ವೆಬ್ಬಿನ ಮೇಲಂಚು ಆ ಗೆರೆ ದಾಟ್ಬಾರ್ದು. ಹೆಬ್ಬೆರಳು ಪೂರ್ತಿ ಅಗಲಿಸಿದಾಗ ವೆಬ್ ಬಿಗಿಯಾಗಿ ಎಳ್ಕೊಂಡು ನಿಲ್ಬೇಕು, ಜೋಲು ಬಿದ್ದು ಬುಟ್ಟಿ ಥರ ಆಗ್ಬಾರ್ದು. ನಾನು ಇದನ್ನ ಕೈಗೆ ಹಾಕ್ಕೊಂಡು ಸ್ಕೇಲ್ ಇಟ್ಟು ನೋಡಿದೆ, ಸರಿಯಾಗಿದೆ, ಅಂಚು ಗೆರೆಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತೆ. ಬೇಸ್‌ಬಾಲ್ ಗ್ಲೌಸ್ ಥರ ದೊಡ್ಡ ಬಲೆ ಇದ್ರೆ ಯಾರು ಬೇಕಾದ್ರೂ ಹಿಡೀಬೋದು, ಕೀಪಿಂಗ್ ಅನ್ನೋ ಕಲೇನೇ ಇರಲ್ಲ, ಅದಕ್ಕೆ ಈ ನಿಯಮದ ಮೇಲೆ ನನಗೆ ಗೌರವ ಇದೆ. ಅಂದಹಾಗೆ ಫೀಲ್ಡಿಂಗ್ ಸೈಡಲ್ಲಿ ಗ್ಲೌಸ್ ಹಾಕೋ ಹಕ್ಕು ಕೀಪರ್‌ಗೊಬ್ಬನಿಗೇ. 2022ರಲ್ಲಿ ಮುಲ್ತಾನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬಾಬರ್ ಆಜಂ ಕೀಪರ್ ಗ್ಲೌಸ್ ಒಂದನ್ನ ಕೈಗೆ ಹಾಕ್ಕೊಂಡು ಥ್ರೋ ಹಿಡಿದಿದ್ದಕ್ಕೆ ಪಾಕಿಸ್ತಾನಕ್ಕೆ 5 ರನ್ ಪೆನಾಲ್ಟಿ ಬಿತ್ತು. ನಮ್ಮ ಲೆವೆಲ್ ಮ್ಯಾಚಲ್ಲಿ ಸ್ಲಿಪ್ಪಲ್ಲಿರೋನಿಗೆ "ಒಂದು ನಿಮಿಷ ಹಿಡ್ಕೊ" ಅಂತ ಗ್ಲೌಸ್ ಕೊಡೋ ಅಭ್ಯಾಸ ಇರೋರು ಇದನ್ನ ನೆನಪಿಟ್ಕೊಳ್ಳಿ.

ಈಗ ಅಂಗೈ ರಬ್ಬರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಇದೇ ಗ್ಲೌಸಿನ ಜೀವ. ಹೊಸದ್ರಲ್ಲಿ ಸಣ್ಣ ಸಣ್ಣ ಗುಳ್ಳೆ ಇರೋ ರಬ್ಬರು, ಬೆರಳಿಂದ ಸವರಿದ್ರೆ ಬೆಕ್ಕಿನ ನಾಲಿಗೆ ಥರ ಹಿಡ್ಕೊಳ್ಳುತ್ತೆ. ಬಾಲ್ ಬಂದು ಬಿದ್ದಾಗ ಆ ಗುಳ್ಳೆಗಳು ಒತ್ತಿ ಹೋಗಿ ಬಾಲ್ ತಿರುಗೋದನ್ನ ನಿಲ್ಲಿಸುತ್ತೆ, ಸ್ಪಿನ್ನರ್ ಬಾಲ್ ಇನ್ನೂ ಗಿರಗಿರ ಸುತ್ತುತ್ತಾ ಬರೋದ್ರಿಂದ ಇದು ತುಂಬಾ ಮುಖ್ಯ. ಅಗ್ಗದ ಗ್ಲೌಸಲ್ಲಿ ಇದೇ ಜಾಗದಲ್ಲಿ ನುಣ್ಣಗಿರೋ ಗಟ್ಟಿ ರಬ್ಬರ್ ಹಾಕಿರ್ತಾರೆ, ಬಾಲ್ ಬಿದ್ದ ತಕ್ಷಣ ಟಪ್ ಅಂತ ಸದ್ದು ಬಂದು ಚಿಮ್ಮಿ ಆಚೆ ಬೀಳುತ್ತೆ, ಎಲ್ಲರೂ ಕೀಪರ್ ಕೈ ಸರಿ ಇಲ್ಲ ಅಂತಾರೆ. ಈ ಜೋಡೀಲಿ ಮೊದಲನೇ ತಿಂಗಳು ಹಿಡಿತ ಅದ್ಭುತ, ಮೂರನೇ ತಿಂಗಳಿಗೆ ಬಲಗೈ ತೋರುಬೆರಳಿನ ಬುಡದಲ್ಲಿ ಗುಳ್ಳೆ ಸವೆದು ನುಣ್ಣಗಾಯ್ತು, ಈಗ ಸೀಸನ್ ಕೊನೇಲಿ ಆ ಜಾಗ ಪೂರ್ತಿ ಹೊಳೀತಾ ಇದೆ. ಇದು ತಪ್ಪಲ್ಲ, ಮೆತ್ತಗಿರೋ ರಬ್ಬರ್ ಬೇಗ ಸವೆಯೋದೇ. ಧೂಳು ಕೂತಾಗ ಒದ್ದೆ ಬಟ್ಟೇಲಿ ಒರೆಸಿದ್ರೆ ಹಿಡಿತ ವಾಪಸ್ ಬರುತ್ತೆ, ನಾನು ಪ್ರತಿ ಬ್ರೇಕಲ್ಲೂ ಒರೆಸ್ತೀನಿ. ರಬ್ಬರ್ ಪೂರ್ತಿ ಸವೆದ್ರೂ ಗ್ಲೌಸ್ ಬಿಸಾಕ್ಬೇಕಿಲ್ಲ, ಅಂಗೈ ರಬ್ಬರ್ ಮಾತ್ರ ಕಿತ್ತು ಹೊಸದು ಹಾಕಿ ಕೊಡೋರು ಇದಾರೆ, ಒಳಗಡೆ ನಿಮ್ಮ ಕೈಗೆ ಹೊಂದ್ಕೊಂಡಿರೋ ಆಕಾರ ಹಾಗೇ ಉಳಿಯುತ್ತೆ.

ಸದ್ದಿನ ಬಗ್ಗೆ ಇನ್ನೊಂದು ಮಾತು. ಸರಿಯಾಗಿ ಹಿಡಿದ ಬಾಲಿಗೆ "ದಪ್" ಅಂತ ಒಂದು ತುಂಬು ಸದ್ದು ಇರುತ್ತೆ, ಬೆರಳ ಬುಡಕ್ಕೂ ಅಂಗೈ ಮಧ್ಯಕ್ಕೂ ನಡುವೆ ಬಾಲ್ ಕೂತಾಗ ಬರೋದು ಅದು. ಬೆರಳಿಗೆ ಬಿದ್ರೆ ಚಟ್ ಅನ್ನುತ್ತೆ, ಅಂಗೈ ಬುಡದ ಮೂಳೆಗೆ ಬಿದ್ರೆ ಟೊಕ್ ಅನ್ನುತ್ತೆ. ಈ ಗ್ಲೌಸಲ್ಲಿ ಈ ಮೂರೂ ಸದ್ದು ಬೇರೆ ಬೇರೆಯಾಗಿ ಕೇಳುತ್ತೆ, ಕೈಗೂ ಬೇರೆ ಬೇರೆಯಾಗಿ ತಿಳಿಯುತ್ತೆ. ಹುಡುಗನ ದಪ್ಪ ಗ್ಲೌಸಲ್ಲಿ ಎಲ್ಲಕ್ಕೂ ಒಂದೇ ಸದ್ದು. ಎಲ್ಲಿ ಬಿತ್ತು ಅಂತಾನೇ ಗೊತ್ತಾಗ್ದೆ ಇದ್ರೆ ಮುಂದಿನ ಬಾಲಿಗೆ ಕೈ ಹೇಗೆ ಸರಿಮಾಡ್ಕೋತಾನೆ ಹೇಳಿ.

ಇನ್ನರ್ ಬಗ್ಗೆ ಯಾರೂ ಬರೆಯಲ್ಲ, ನಾನು ಬರೀಲೇಬೇಕು. ಈ ಗ್ಲೌಸ್ ಜೊತೆ ಇನ್ನರ್ ಬರಲ್ಲ, ಬೇರೆ ತಗೋಬೇಕು. ಮೊದಲು ನನ್ನ ಹತ್ರ ಇದ್ದ ಹತ್ತಿ ಇನ್ನರಲ್ಲೇ ನಡೆಸಿದೆ, ಬೆವರಿಗೆ ಅರ್ಧ ಗಂಟೇಲಿ ಮುದ್ದೆ ಆಗಿ ಬೆರಳ ಸಂದೀಲಿ ಗಂಟು ಕಟ್ಕೊಂಡು ಬಿಡ್ತು, ಆ ಗಂಟಿನ ಮೇಲೆ ಬಾಲ್ ಬಿದ್ರೆ ಕಲ್ಲು ಚುಚ್ಚಿದ ಹಾಗೆ. ಆಮೇಲೆ ಅಂಗೈ ಭಾಗದಲ್ಲಿ ಮೆತ್ತನೆ ಶಾಮಿ ಲೆದರ್ ಇರೋ ಇನ್ನರ್ ತಗೊಂಡೆ, ಈ ಗ್ಲೌಸಿಗೆ ಅದೇ ಜೋಡಿ. ಮ್ಯಾಚಿಗೆ ಮುಂಚೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಹಾಕ್ಕೊಂಡ್ರೆ ಚರ್ಮಕ್ಕೆ ಅಂಟಿ ಕೂರುತ್ತೆ, ಸುಕ್ಕು ಬೀಳಲ್ಲ. ಇದು ಹಳೇ ಕೀಪರ್‌ಗಳ ಪದ್ಧತಿ, ಮೊದಲನೇ ಸಲ ತಣ್ಣಗೆ ಒದ್ದೆ ಇನ್ನರ್ ಒಳಗೆ ಕೈ ಹಾಕುವಾಗ ಮುಖ ಸಿಂಡರಿಸ್ತೀರ, ಎರಡು ಓವರ್ ಆದ ಮೇಲೆ ಒಣ ಇನ್ನರ್ ಬೇಡವೇ ಬೇಡ ಅಂತೀರ. ಇನ್ನರ್ ಹಾಕೋ ಮೊದಲು ಉಂಗುರದ ಬೆರಳು ಕಿರುಬೆರಳು ಎರಡಕ್ಕೂ ಬೇರೆ ಬೇರೆಯಾಗಿ ಟೇಪ್ ಸುತ್ತೋದು ನನ್ನ ಅಭ್ಯಾಸ, ಆದ್ರೆ ಈ ಗ್ಲೌಸಿನ ಬೆರಳು ಸ್ವಲ್ಪ ಕಿರಿದು, ದಪ್ಪ ಟೇಪ್ ಒಳಗೆ ಹೋಗಲ್ಲ, ಗೆಣ್ಣಿಗೆ ಮಾತ್ರ ತೆಳುವಾಗಿ ಸುತ್ಕೋಬೇಕು. ದಪ್ಪ ಬೆರಳಿನೋರು ಇದನ್ನ ಗಮನಿಸಿ.

ಪಳಗಿಸೋಕೆ ಎರಡು ವಾರ ಬೇಕಾಯ್ತು. ದಿನಾ ಸಂಜೆ ಗೋಡೆಗೆ ಬಾಲ್ ಎಸೆದು ನೂರಿನ್ನೂರು ಸಲ ಹಿಡಿಯೋದು, ಖಾಲಿ ಕೂತಾಗ ಕೈಗೆ ಹಾಕ್ಕೊಂಡು ಮುಷ್ಟಿ ಬಿಗಿದು ಬಿಡೋದು, ರಾತ್ರಿ ಗ್ಲೌಸ್ ಮಧ್ಯ ಬಾಲ್ ಇಟ್ಟು ದಾರದಿಂದ ಸಡಿಲವಾಗಿ ಕಟ್ಟಿಡೋದು. ಎಣ್ಣೆ ಗಿಣ್ಣೆ ಹಚ್ಚಬೇಡಿ, ರಬ್ಬರ್ ಹಾಳಾಗುತ್ತೆ. ಹೊಸ ಗ್ಲೌಸ್ ಹಾಕ್ಕೊಂಡು ನೇರ ಮ್ಯಾಚಿಗೆ ಇಳೀಲೇಬೇಡಿ.

ಸ್ಟಂಪ್ಸ್ ಹತ್ರ ನಿಂತು ಕೀಪ್ ಮಾಡೋವಾಗ ಈ ಗ್ಲೌಸಿಗೆ ನಾನು ಪೂರ್ತಿ ಅಂಕ ಕೊಡ್ತೀನಿ. ಲೆಗ್ ಸೈಡ್ ಬಾಲ್ ಅಂದ್ರೆ ಬ್ಯಾಟ್ಸ್‌ಮನ್ ಮೈ ಅಡ್ಡ ಬಂದು ಕೊನೇ ಗಳಿಗೇಲಿ ಬಾಲ್ ಮರೆಯಾಗುತ್ತೆ, ಆಗ ಕೈಯೇ ಕಣ್ಣು. ಒಂದು ಮ್ಯಾಚಲ್ಲಿ ನಮ್ಮ ಆಫ್ ಸ್ಪಿನ್ನರ್ ಹಾಕಿದ್ದು ಕಾಲಿನ ಹಿಂದೆ ಜಾರಿ ಹೋಯ್ತು, ಬ್ಯಾಟ್ಸ್‌ಮನ್ ಮುಂದೆ ಬಂದಿದ್ದ, ನನಗೆ ಬಾಲ್ ಕಾಣಿಸ್ಲೇ ಇಲ್ಲ, ಎಡಗೈ ಅಂಗೈಗೆ ಬಾಲ್ ಒತ್ತಿದ್ದು ಮಾತ್ರ ಗೊತ್ತಾಯ್ತು, ಆ ಒತ್ತಡ ತಿಳಿಯೋಕೂ ಕೈ ಬೇಲ್ಸ್ ಕಡೆ ಹೊರಳೋಕೂ ಮಧ್ಯ ಒಂದು ಕ್ಷಣಾನೂ ಹೋಗ್ಲಿಲ್ಲ. ಆ ದಪ್ಪ ಗ್ಲೌಸಲ್ಲಿ ಆಗಿದ್ರೆ ಬಾಲ್ ಸಿಕ್ಕಿದ್ಯೋ ಇಲ್ವೋ ಅಂತ ಖಾತ್ರಿ ಮಾಡ್ಕೊಳ್ಳೋ ಹೊತ್ತಿಗೆ ಅವನು ಕ್ರೀಸ್ ಒಳಗಿರ್ತಿದ್ದ. ಧೋನಿ ಸ್ಟಂಪಿಂಗ್ ನಿಧಾನ ಮಾಡಿ ನೋಡಿ, ಎಲ್ಲರಿಗೂ ಕೈ ಹಿಂದಕ್ಕೆ ಎಳ್ಕೊಂಡು ಹಿಡಿಯೋಕೆ ಹೇಳ್ಕೊಡ್ತಾರೆ, ಅವರು ಹಿಂದಕ್ಕೆ ಎಳ್ಕೊಳ್ಳೋದೇ ಇಲ್ಲ, ಬಾಲ್ ಸಿಕ್ಕಿದ್ದೂ ಬೇಲ್ಸ್ ಬಿದ್ದಿದ್ದೂ ಒಂದೇ ಚಲನೆ. ಇಂಟರ್‌ನ್ಯಾಷನಲ್ ಕ್ರಿಕೆಟಲ್ಲಿ 195 ಸ್ಟಂಪಿಂಗ್ ಸುಮ್ನೆ ಬಂದಿಲ್ಲ. ಟೆಸ್ಟ್ ಮಟ್ಟಿಗೆ ಮಾತ್ರ ದಾಖಲೆ ಇವತ್ತಿಗೂ ಆಸ್ಟ್ರೇಲಿಯಾದ ಬರ್ಟ್ ಓಲ್ಡ್‌ಫೀಲ್ಡ್ ಹೆಸರಲ್ಲಿದೆ, 54 ಟೆಸ್ಟಲ್ಲಿ 52 ಸ್ಟಂಪಿಂಗ್, ಅವರು ಆಡಿದ್ದು 1920 ಮತ್ತು 30ರ ದಶಕದಲ್ಲಿ. ಅಂದ್ರೆ ಹತ್ತಿರ ಹತ್ತಿರ ಟೆಸ್ಟಿಗೊಂದು! ನನಗೆ ಕೀಪಿಂಗ್ ಅಂದ್ರೆ ಮೊದಲು ಕಣ್ಮುಂದೆ ಬರೋದು ಸ್ಟಂಪಿಂಗೇ, ಕ್ಯಾಚಲ್ಲಿ ಬೌಲರ್ ಪಾಲಿರುತ್ತೆ, ಬ್ಯಾಟ್ಸ್‌ಮನ್ ತಪ್ಪಿನ ಪಾಲೂ ಇರುತ್ತೆ, ಸ್ಟಂಪಿಂಗಲ್ಲಿ ಕೀಪರ್ ಕೈ ಎದ್ದು ಕಾಣುತ್ತೆ.

ಫಾಸ್ಟ್ ಬೌಲರ್‌ಗಳಿಗೆ ದೂರ ನಿಂತಾಗ ಇದೇ ಗ್ಲೌಸ್ ಅಷ್ಟು ಚೆನ್ನಾಗಿಲ್ಲ, ಇದನ್ನ ಮುಚ್ಚಿಡಲ್ಲ. ಅಂಗೈಲಿ ಬಿದ್ರೆ ಏನೂ ತೊಂದ್ರೆ ಇಲ್ಲ, ಬೆರಳ ತುದಿ ರಕ್ಷಣೆ ಸಾಲ್ದು. ತುದೀಲಿ ಗಟ್ಟಿ ಟೋಪಿ ಥರ ಒಂದು ಪದರ ಇರುತ್ತಲ್ಲ, ಅದು ಹೆಬ್ಬೆರಳು ತೋರುಬೆರಳಿಗೆ ಚೆನ್ನಾಗಿದೆ, ಉಂಗುರದ ಬೆರಳಿಗೂ ಕಿರುಬೆರಳಿಗೂ ತೆಳು. ಏಳನೇ ಮ್ಯಾಚಲ್ಲಿ ನಮ್ಮ ಹೊಸ ಬಾಲ್ ಬೌಲರ್ ಹಾಕಿದ್ದು ಬ್ಯಾಟ್ಸ್‌ಮನ್‌ನ ದಾಟಿದ ಮೇಲೆ ಗಾಳೀಲಿ ತೊನೆದು ಕೊನೇಲಿ ಕೆಳಗೆ ಜಾರಿ ಬಂತು, ನಾನು ಬೆರಳು ಕೆಳಗೆ ಮಾಡೋಕೆ ತಡ ಮಾಡ್ದೆ, ತುದಿ ಬಾಲಿಗೆ ಎದುರಾಗಿ ನಿಂತ್ಬಿಡ್ತು. ಕಣ್ಣು ಕತ್ತಲೆ ಬಂತು. ಗ್ಲೌಸ್ ತೆಗೆದು ನೋಡಿದ್ರೆ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದೆ, ಪುಣ್ಯಕ್ಕೆ ಮೂಳೆ ಮುರೀಲಿಲ್ಲ. ತಪ್ಪು ನನ್ನ ಕೈದೂ ಇದೆ ನಿಜ, ಬೆರಳು ಯಾವತ್ತೂ ಬಾಲಿಗೆ ನೇರ ಎದುರು ತೋರಿಸ್ಬಾರ್ದು ಅಂತ ಮೊದಲನೇ ಪಾಠದಲ್ಲೇ ಹೇಳ್ತಾರೆ, ಆದ್ರೂ ಗ್ಲೌಸ್ ಅನ್ನೋದು ತಪ್ಪಾದ ದಿನಕ್ಕೇ ಇರೋದಲ್ವಾ. ಆಮೇಲೆ ಆ ಎರಡು ಬೆರಳಿನ ತುದಿಗೆ ಒಳಗಿಂದ ತೆಳು ಫೋಮ್ ತುಂಡು ಕತ್ತರಿಸಿ ಅಂಟಿಸ್ದೆ, ಅಲ್ಲಿಂದ ಮುಂದೆ ತೊಂದ್ರೆ ಆಗಿಲ್ಲ. ಕಂಪನಿಯೋರು ಇದನ್ನ ತಯಾರಿಸುವಾಗಲೇ ಮಾಡ್ಬೇಕಿತ್ತು.

ಹೊಲಿಗೆ ಬಗ್ಗೆ ಒಂದು ದೂರು ಇದೆ. ನಾಲ್ಕನೇ ಮ್ಯಾಚಿಗೇ ಬಲಗೈ ವೆಬ್ಬಿನ ಬುಡದಲ್ಲಿ ಹೊಲಿಗೆ ಬಿಟ್ಕೊಳ್ತು. ಫೋಟೋ ಸಮೇತ ಬರೆದು ಕಳಿಸ್ದೆ, ಬಿಲ್ ಕಳ್ಸಿ ಅಂದ್ರು, ಕಳಿಸ್ದೆ, ಇನ್ನೊಂದು ಕೋನದಿಂದ ಫೋಟೋ ಅಂದ್ರು, ಅದನ್ನೂ ಕಳಿಸ್ದೆ, ಆಮೇಲೆ "ಇದು ಬಳಕೆಯಿಂದ ಆದ ಸವೆತ" ಅಂತ ಒಂದು ಸಾಲಿನ ಉತ್ತರ ಬಂತು. ನಾಲ್ಕು ಮ್ಯಾಚಿಗೆ ಎಂಥ ಸವೆತ? ನನಗೆ ತುಂಬಾ ಬೇಜಾರಾಯ್ತು, ದುಡ್ಡಿಗಿಂತ ಜಾಸ್ತಿ ಆ ಉತ್ತರಕ್ಕೆ, ಕೀಪರ್ ಆಗಿದ್ದ ಒಬ್ಬರಾದ್ರೂ ಆ ಫೋಟೋ ನೋಡಿದ್ರೆ ಹಾಗೆ ಬರೀತಿರ್ಲಿಲ್ಲ. ಕೊನೆಗೆ ಚರ್ಮದ ಬ್ಯಾಗ್ ಹೊಲಿಯೋರೊಬ್ಬರ ಹತ್ರ ತಗೊಂಡು ಹೋದೆ. ಅವರು ಗಟ್ಟಿ ಆಗ್ಲಿ ಅಂತ ಅಂಚು ಮಡಚಿ ಹೊಲಿಯೋಕೆ ಹೊರಟ್ರು, ನಾನು "ಮಡಚಬೇಡಿ, ಮಡಿಕೆ ಇದ್ರೆ ಆಟದ ನಿಯಮಕ್ಕೆ ವಿರುದ್ಧ" ಅಂದೆ, ಅವರು ಕನ್ನಡಕ ಸರಿಮಾಡ್ಕೊಂಡು ಒಂದು ಸಲ ನನ್ನ ಮುಖ ನೋಡಿ, ಹಳೇ ತೂತಲ್ಲೇ ಒಂದೊಂದಾಗಿ ಮೇಣದ ದಾರ ತೂರಿಸಿ ಎರಡು ಸುತ್ತು ಹೊಲಿದು ಕೊಟ್ರು. ಆ ಹೊಲಿಗೆ ಇವತ್ತಿಗೂ ಅಲುಗಾಡಿಲ್ಲ.

ಒಣಗಿಸೋದು, ವಾಸನೆ ಇದೆಲ್ಲಾ ಸಣ್ಣ ವಿಷ್ಯ. ಲೈನಿಂಗ್ ಬೇಗ ಒಣಗುತ್ತೆ, ನೆರಳಲ್ಲಿ ಗಾಳಿಗೆ ಇಡಿ, ನೇರ ಬಿಸಿಲಿಗೆ ಇಟ್ರೆ ಚರ್ಮ ಬಿರುಕು ಬಿಡುತ್ತೆ. ಕಫ್ ಚಿಕ್ಕದು, ಮಣಿಕಟ್ಟು ಆರಾಮಾಗಿ ತಿರುಗುತ್ತೆ.

ವೃತ್ತಿ ಮಾಡ್ಕೋಬೇಕು ಅನ್ನೋ ಹುಡುಗ್ರಿಗೆ ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಗ್ಲೌಸಿಗೆ ಸಂಬಂಧಪಟ್ಟಿದ್ದೇ. ಕೀಪರ್ ಜಾಗ ಟೀಮಲ್ಲಿ ಒಂದೇ ಒಂದು. ಬ್ಯಾಟ್ಸ್‌ಮನ್ ಆದ್ರೆ ಐದಾರು ಜಾಗ, ಕೀಪರ್‌ಗೆ ಮುಂದಿರೋನು ಬಿಡೋ ತನಕ ಕಾಯ್ಬೇಕು. ಕಿರ್ಮಾನಿನೂ ಫಾರೂಕ್ ಇಂಜಿನಿಯರ್ ಇರೋ ತನಕ ಕಾದು 1976ರಲ್ಲಿ ನ್ಯೂಜಿಲೆಂಡಲ್ಲಿ ಮೊದಲನೇ ಟೆಸ್ಟ್ ಆಡಿದ್ದು, ಎರಡನೇ ಟೆಸ್ಟಲ್ಲೇ ಒಂದು ಇನ್ನಿಂಗ್ಸಲ್ಲಿ ಆರು ಜನರನ್ನ ಔಟ್ ಮಾಡಿದ್ರು. ಅಷ್ಟು ಕಾದು ಸಿಕ್ಕಿದ ಜಾಗ ಒಂದು ಬೆರಳು ಮುರಿದ್ರೆ ಬೇರೆಯೋರ ಪಾಲಾಗ್ಬೋದು. ನಮ್ಮ ಕರ್ನಾಟಕದ ಕೀಪರ್ ಸದಾನಂದ ವಿಶ್ವನಾಥ್ ನೆನಪು ಮಾಡ್ಕೊಂಡ್ರೆ ನನಗೆ ಹೊಟ್ಟೆ ಚುರುಕ್ ಅನ್ನುತ್ತೆ, 1985ರಲ್ಲಿ ಆಸ್ಟ್ರೇಲಿಯಾದಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಆಫ್ ಕ್ರಿಕೆಟ್ ಫೈನಲಲ್ಲಿ ಶಿವರಾಮಕೃಷ್ಣನ್ ಬೌಲಿಂಗಿಗೆ ಪಾಕಿಸ್ತಾನದ ಮಿಯಾಂದಾದ್‌ನ ಸ್ಟಂಪ್ ಮಾಡಿದ ಆ ಚುರುಕು ಕೈ, ಆಮೇಲೆ ಒಟ್ಟು 3 ಟೆಸ್ಟು 22 ಒನ್ ಡೇಗೇ ಮುಗಿದುಹೋಯ್ತು. ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಇನ್ನೊಂದು ಕಡೆ, 147 ಟೆಸ್ಟು, 555 ಬಲಿ, ಟೆಸ್ಟಲ್ಲಿ ಯಾವ ಕೀಪರೂ ಅಷ್ಟು ತಗೊಂಡಿಲ್ಲ. 2012ರ ಜುಲೈಲಿ ಇಂಗ್ಲೆಂಡ್ ಟೂರಲ್ಲಿ ಟಾಂಟನ್‌ನಲ್ಲಿ ಇಮ್ರಾನ್ ತಾಹಿರ್ ಬೌಲ್ಡ್ ಮಾಡಿದಾಗ ಹಾರಿದ ಬೇಲ್ ಅವರ ಎಡಗಣ್ಣಿಗೆ ಬಿತ್ತು. ಹೆಲ್ಮೆಟ್ ಇರ್ಲಿಲ್ಲ. ಆ ಟೂರಲ್ಲಿ ಮೂರು ಟೆಸ್ಟ್ ಇತ್ತು, ಆಡಿದ್ರೆ 150 ಆಗ್ತಿತ್ತು, ಒಂದೂ ಆಡೋಕಾಗ್ದೆ ರಿಟೈರ್ ಆದ್ರು. 2000ರಲ್ಲಿ ಏಷ್ಯಾ ಕಪ್ಪಲ್ಲಿ ಕುಂಬ್ಳೆ ಬೌಲಿಂಗಿಗೆ ಸಬಾ ಕರೀಂ ಕಣ್ಣಿಗೆ ಪೆಟ್ಟಾಗಿದ್ದೂ ಹಾಗೇ. ಅದಕ್ಕೆ ಸ್ಟಂಪ್ಸ್ ಹತ್ರ ನಿಲ್ಲೋವಾಗ ಹೆಲ್ಮೆಟ್ ಇಲ್ದೆ ನಿಲ್ಬೇಡಿ, ನೆಟ್ಸಲ್ಲೂ ನಿಲ್ಬೇಡಿ, ಅತ್ಯುತ್ತಮ ಗ್ಲೌಸ್ ಇದ್ದು ಹೆಲ್ಮೆಟ್ ಇಲ್ದೆ ಇದ್ರೆ ಅದು ಅರ್ಧ ಸಜ್ಜಾದ ಹಾಗೆ.

ಮೊದಲೆಲ್ಲಾ ಕೀಪರ್‌ಗೆ ಪೆಟ್ಟಾದ್ರೆ ಸಬ್ಸ್‌ಟಿಟ್ಯೂಟ್ ಕೀಪ್ ಮಾಡೋ ಹಾಗಿರ್ಲಿಲ್ಲ, ಎದುರು ಟೀಮ್ ಕ್ಯಾಪ್ಟನ್ ಒಪ್ಪಿದ್ರೆ ಮಾತ್ರ. 1986ರಲ್ಲಿ ಲಾರ್ಡ್ಸಲ್ಲಿ ನ್ಯೂಜಿಲೆಂಡ್ ಒಪ್ಪಿದ್ದಕ್ಕೆ ರಿಟೈರ್ ಆಗಿದ್ದ 45 ವರ್ಷದ ಬಾಬ್ ಟೇಲರ್ ಪ್ರೇಕ್ಷಕರ ಕಡೆಯಿಂದ ಬಂದು ಇಂಗ್ಲೆಂಡ್‌ಗೆ ಕೀಪ್ ಮಾಡಿದ್ರು, ಆ ಇನ್ನಿಂಗ್ಸಲ್ಲಿ ಒಟ್ಟು ನಾಲ್ಕು ಜನ ಕೀಪರ್! 2017ರ ಹೊಸ ಲಾದಿಂದ ಅಂಪೈರ್ ಒಪ್ಪಿಗೆ ಇದ್ರೆ ಸಾಕು, 2025ರಲ್ಲಿ ಅದೇ ಲಾರ್ಡ್ಸಲ್ಲಿ ರಿಷಭ್ ಪಂತ್ ಎಡಗೈ ತೋರುಬೆರಳಿಗೆ ಪೆಟ್ಟಾದಾಗ ಧ್ರುವ್ ಜುರೆಲ್ ಕೀಪ್ ಮಾಡಿದ್ದು ಹಾಗೇ. ಪಂತ್ ಗ್ಲೌಸ್ ಹಾಕೋಕಾಗ್ದೆ ಇದ್ರೂ ಬ್ಯಾಟ್ ಹಿಡ್ಕೊಂಡು ಬಂದ್ರು. ಬೆರಳು ಊದಿದಾಗ ಬ್ಯಾಟ್ ಹೇಗೋ ಹಿಡೀಬೋದು, 540 ಸಲ ಬಾಲ್ ಹಿಡಿಯೋಕಾಗಲ್ಲ.

ಈಗ ಯಾರಿಗೆ ಈ ಗ್ಲೌಸ್ ಅಂತ. ನಿಮ್ಮ ಟೀಮಲ್ಲಿ ಸ್ಪಿನ್ನರ್‌ಗಳು, ಮೀಡಿಯಂ ಪೇಸ್‌ನೋರು ಜಾಸ್ತಿ ಇದ್ರೆ, ನೀವು ಸ್ಟಂಪ್ಸ್ ಹತ್ರ ನಿಲ್ಲೋ ಕೀಪರ್ ಆಗಿದ್ರೆ ಕಣ್ಮುಚ್ಚಿ ತಗೊಳ್ಳಿ. ನಿಜವಾದ ಫಾಸ್ಟ್ ಬೌಲರ್ ಇಬ್ಬರು ಇದ್ರೆ ತುದಿ ಬೆರಳಿಗೆ ಫೋಮ್ ಹಾಕ್ಕೊಂಡೇ ಇಳೀರಿ, ಅಥವಾ ದೂರ ನಿಲ್ಲೋಕೆ ಅಂತಾನೇ ಇನ್ನೊಂದು ಜೋಡಿ ಇಟ್ಕೊಳ್ಳಿ. ದ್ರಾವಿಡ್ 2003ರಲ್ಲಿ, ಕೆ.ಎಲ್. ರಾಹುಲ್ 2023ರಲ್ಲಿ ಮಾಡಿದ ಹಾಗೆ ಟೀಮಿಗೋಸ್ಕರ ಗ್ಲೌಸ್ ಹಾಕೋ ಬ್ಯಾಟ್ಸ್‌ಮನ್ ನೀವಾಗಿದ್ರೆ ಇದು ಇನ್ನೂ ಒಳ್ಳೇದು, ಬ್ಯಾಟ್ ಹಿಡಿಯೋ ಬೆರಳಿಗೆ ಮೆತ್ತಗಿರೋ ಗ್ಲೌಸೇ ಹಿತ, ಪಳಗೋದೂ ಬೇಗ. ಹೊಸದಾಗಿ ಕಲಿಯೋ ಚಿಕ್ಕ ಮಕ್ಕಳಿಗೆ ಇಷ್ಟು ದೊಡ್ಡ ಗ್ಲೌಸ್ ಬೇಡ, ಟೆನಿಸ್ ಬಾಲಲ್ಲಿ ಬರಿಗೈಲಿ ಹಿಡಿಯೋದು ಮೊದಲು ಬರ್ಲಿ. ಗ್ಲೌಸಿಗೆ ಐದಕ್ಕೆ ನಾಲ್ಕು, ಮಾರಿದ ಮೇಲಿನ ಸರ್ವೀಸಿಗೆ ಒಂದು.

ಹೋದ ವಾರ ಆ ಹುಡುಗನಿಗೆ ನನ್ನ ಗ್ಲೌಸ್ ಕೊಟ್ಟು, ಒದ್ದೆ ಇನ್ನರ್ ಹಾಕಿಸಿ, ಹತ್ತಡಿಯಿಂದ ನಾನೇ ಕೈಯಿಂದ ಬಾಲ್ ಎಸೆದೆ. ಮೊದಲ ಹತ್ತರಲ್ಲಿ ನಾಲ್ಕು ಬಿಟ್ಟ, ದಪ್ಪ ಗ್ಲೌಸಿನ ಅಭ್ಯಾಸಕ್ಕೆ ಬಾಲನ್ನ ತಳ್ತಾ ಇದ್ದ. ಆಮೇಲೆ ಕೈ ಸಡಿಲ ಬಿಟ್ಟ. ಇಪ್ಪತ್ತು ಇಪ್ಪತ್ತೈದು ಬಾಲ್ ಆದ ಮೇಲೆ ಒಂದು ದಪ್ ಅಂತ ಬಿತ್ತು, ಅವನು ಬಾಲ್ ವಾಪಸ್ ಎಸೆಯೋದು ಬಿಟ್ಟು ಗ್ಲೌಸ್ ಒಳಗೇ ನೋಡ್ತಾ ನಿಂತ. "ಅಣ್ಣ, ಇದು ಎಲ್ಲಿ ಬಿತ್ತು ಅಂತ ನೋಡದೇನೇ ಗೊತ್ತಾಯ್ತು" ಅಂದ. ಅವನಿಗೆ ಯೂತ್ ಸೈಜ್ ಸಾಕು, ಇವತ್ತು ಬೆಳಿಗ್ಗೆ ಆರ್ಡರ್ ಮಾಡಿದಾನೆ, ಫೋಮ್ ತುಂಡು ನಾನು ಕತ್ತರಿಸಿ ಇಟ್ಟಿದೀನಿ.